ತಪ್ಪು ಹುಡುಕುವ ಪರೀಕ್ಷೆಯ ತಪ್ಪು

'ನನ್ ಆಫ್ ದ ಸ್ಟೂಡೆಂಟ್ಸ್ ವರ್ ಪ್ರೆಸೆಂಟ್.' ಈ ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಇದೆಯೋ ಇಲ್ಲವೋ? ಬ್ಯಾಂಕ್ ಪರೀಕ್ಷೆಗೆ, ಎಸ್‌ಎಸ್‌ಸಿ ಪರೀಕ್ಷೆಗೆ ಓದುವವರು ಈ ಬಗೆಯ ಪ್ರಶ್ನೆಯನ್ನು ದಿನಕ್ಕೆ ಐವತ್ತು, ನೂರರಂತೆ ಬಿಡಿಸುತ್ತಾರೆ. 'ನನ್' ಎಂದರೆ 'ಒಬ್ಬನೂ ಇಲ್ಲ', ಅದು ಏಕವಚನ, ಆದ್ದರಿಂದ 'ವರ್' ಇದ್ದಲ್ಲಿ 'ವಾಸ್' ಬರಬೇಕು ಎನ್ನುತ್ತದೆ ಹಳೆಯ ಪಾಠ. ಇಂಗ್ಲಿಷನ್ನು ಮನೆಮಾತಾಗಿ ಆಡುವವರು, ಬರೆಯುವವರು ಶತಮಾನಗಳಿಂದ ಎರಡನ್ನೂ ಬಳಸುತ್ತ ಬಂದಿದ್ದಾರೆ ಎನ್ನುತ್ತವೆ ದೊಡ್ಡ ವ್ಯಾಕರಣಗಳು. ಅಭ್ಯಾಸ ಪುಸ್ತಕಗಳಲ್ಲಿ ಒಂದು ಹೀಗೆ ಹೇಳಿದರೆ ಇನ್ನೊಂದು ಹಾಗೆ ಹೇಳುತ್ತದೆ. ಅಭ್ಯರ್ಥಿಯ ಹತ್ತಿರ ಉತ್ತರ ಗುರುತಿಸಲು ಇರುವುದು ಸುಮಾರು 40 ಸೆಕೆಂಡು. ತಪ್ಪಿದರೆ ಇರುವ ಅಂಕದಲ್ಲೂ ಕಡಿತ.

ಹೈದರಾಬಾದಿನ ತಾರ್ನಾಕ ಇಂಥ ಅಭ್ಯರ್ಥಿಗಳ ಊರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣ ಪಕ್ಕದಲ್ಲೇ ಇದೆ. ಸುತ್ತ ಹಾಸ್ಟೆಲ್ಲುಗಳು, ಓದುವ ಕೋಣೆಗಳು, ಜೆರಾಕ್ಸ್ ಅಂಗಡಿಗಳು. ತೆಲಂಗಾಣದ ಜಿಲ್ಲೆಗಳಿಂದ ಬಂದವರ ಜೊತೆಗೆ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೂ ಹೈದರಾಬಾದ್ ಬೆಂಗಳೂರಿಗಿಂತ ಬಹಳ ಹತ್ತಿರ. 1956ರವರೆಗೆ ಅದೇ ಅವರ ರಾಜಧಾನಿಯೂ ಆಗಿತ್ತು. ತೆಲುಗಿನಲ್ಲೋ ಕನ್ನಡದಲ್ಲೋ ಹತ್ತನೆಯ ತರಗತಿಯವರೆಗೆ ಓದಿ, ಪದವಿ ಮುಗಿಸಿ, ಸರ್ಕಾರಿ ನೌಕರಿಯ ಆಸೆಯಿಂದ ಕೂತವರಿಗೆ ಲೆಕ್ಕ ಬರುತ್ತದೆ, ತರ್ಕ ಬರುತ್ತದೆ, ಸಾಮಾನ್ಯ ಜ್ಞಾನ ಓದಿದರೆ ಬರುತ್ತದೆ. ಎಷ್ಟು ಓದಿದರೂ ಕೈಗೆ ಸಿಗದೆ ಜಾರುವುದು ಇಂಗ್ಲಿಷ್ ವ್ಯಾಕರಣದ ಪ್ರಶ್ನೆ. 'ನನಗೇ ಇಂಗ್ಲಿಷ್ ಬರುವುದಿಲ್ಲ' ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಹಳಿಯಬೇಕಾದದ್ದು ಅವರನ್ನಲ್ಲ. ಈ ಪ್ರಶ್ನೆಗಳಲ್ಲಿ ದೊಡ್ಡದೊಂದು ಪಾಲು ಇಂಗ್ಲಿಷನ್ನು ಅಳೆಯುವುದೇ ಇಲ್ಲ. ಉತ್ತರ ಸೂಚಿ ಬರೆದವರ ಕಪಾಟಿನಲ್ಲಿ ಯಾವ ಹಳೆಯ ಪುಸ್ತಕ ಇತ್ತು ಎಂದು ಊಹಿಸುವ ಶಕ್ತಿಯನ್ನು ಅಳೆಯುತ್ತವೆ. ಆ ಊಹೆಯನ್ನು ಶಾಲೆ ಕಲಿಸುವುದಿಲ್ಲ. ದುಡ್ಡು ಕೊಟ್ಟು ಕಲಿಯಬೇಕು. ಹಾಗಾಗಿ ಇದು ಬರೀ ವ್ಯಾಕರಣದ ತಕರಾರಲ್ಲ, ಯಾರಿಗೆ ಕೆಲಸ ಸಿಗಬೇಕು ಎಂಬ ತಕರಾರು.

ನಾಲ್ಕು ಬಗೆಯ 'ತಪ್ಪು'

'ಎರರ್ ಸ್ಪಾಟಿಂಗ್' ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದಾರೆ. ಅವನ್ನು ಬಿಡಿಸಿ ನೋಡದಿದ್ದರೆ ಗೊಂದಲ ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿಯುವುದಿಲ್ಲ.

ಮೊದಲನೆಯದು ನಿಜವಾದ ತಪ್ಪು. 'ದ ಬಾಯ್ಸ್ ಈಸ್ ಪ್ಲೇಯಿಂಗ್', 'ಹೀ ಡಿಡ್ ನಾಟ್ ವೆಂಟ್' ಇಂಥವು. ಲಂಡನ್ನಿನ ಪತ್ರಿಕೆಯಾಗಲಿ, ಅಮೆರಿಕದ ಪಠ್ಯಪುಸ್ತಕವಾಗಲಿ, ಭಾರತದ ಕಚೇರಿಯ ಪತ್ರವಾಗಲಿ ಇವನ್ನು ಒಪ್ಪುವುದಿಲ್ಲ. ಇಂಥ ಪ್ರಶ್ನೆ ಕೇಳಿದರೆ ಯಾರೂ ತಕರಾರು ತೆಗೆಯಬೇಕಾಗಿಲ್ಲ.

ಎರಡನೆಯದು ದೇಶದಿಂದ ದೇಶಕ್ಕೆ ಬದಲಾಗುವ ಬಳಕೆ. 'ದ ಕಮಿಟಿ ಆರ್ ಡಿವೈಡೆಡ್' ಎಂಬುದು ಬ್ರಿಟನ್ನಿನಲ್ಲಿ ಸಹಜ, ಅಮೆರಿಕದಲ್ಲಿ ಅಸಹಜ. 'ಡಿಫರೆಂಟ್ ಟು' ಬ್ರಿಟನ್ನಿನದು, 'ಡಿಫರೆಂಟ್ ದ್ಯಾನ್' ಅಮೆರಿಕದ್ದು, 'ಡಿಫರೆಂಟ್ ಫ್ರಮ್' ಎರಡೂ ಕಡೆಯದು. ಭಾರತದ ಪರೀಕ್ಷೆ ಯಾವ ದೇಶದ ಇಂಗ್ಲಿಷನ್ನು ಕೇಳುತ್ತಿದೆ ಎಂದು ಅಭ್ಯರ್ಥಿಗೆ ಹೇಳುವವರಿಲ್ಲ. ಇನ್ನು ಭಾರತದ್ದೇ ಇಂಗ್ಲಿಷಿಗಂತೂ ಜಾಗವೇ ಇಲ್ಲ. 'ಕಸಿನ್ ಬ್ರದರ್' ಎಂಬುದು ಅಭ್ಯಾಸ ಪುಸ್ತಕಗಳ ನೆಚ್ಚಿನ ಬೇಟೆ. 'ಬ್ರದರ್' ಹೊಡೆದುಹಾಕಿ, 'ಕಸಿನ್' ಸಾಕು ಎಂಬುದು ಅವುಗಳ ಆಜ್ಞೆ. ಆದರೆ ಚಿಕ್ಕಪ್ಪನ ಮಗ ತಮ್ಮ, ಸೋದರಮಾವನ ಮಗ ಭಾವ ಅಥವಾ ಭಾವಮೈದ ಎಂದು ತಿಳಿದ ಸಮಾಜಕ್ಕೆ ಇಬ್ಬರನ್ನೂ ಒಂದೇ 'ಕಸಿನ್' ಚೀಲಕ್ಕೆ ಹಾಕಿದರೆ ಸಂಬಂಧವೇ ಕೆಟ್ಟುಹೋಗುತ್ತದೆ. ಒಬ್ಬರ ಜೊತೆ ಮದುವೆ ಮಾತಾಡಬಹುದು, ಇನ್ನೊಬ್ಬರ ಜೊತೆ ಆಡುವಂತಿಲ್ಲ. ಆ ಅಗತ್ಯಕ್ಕೆ ಹುಟ್ಟಿದ ಮಾತು ಅದು. ಔಪಚಾರಿಕ ಬರಹದಲ್ಲಿ ಬೇಡ ಎನ್ನುವುದು ಬೇರೆ, ವ್ಯಾಕರಣ ದೋಷ ಎನ್ನುವುದು ಬೇರೆ.

ಮೂರನೆಯದು ಕಟ್ಟಳೆಯ ಭ್ರಮೆ. ಇಬ್ಬರಿದ್ದರೆ 'ಈಚ್ ಅದರ್', ಇಬ್ಬರಿಗಿಂತ ಹೆಚ್ಚಿದ್ದರೆ 'ಒನ್ ಅನದರ್' ಎಂಬ ನಿಯಮವನ್ನು ತಾರ್ನಾಕದಲ್ಲಿ ಓದುವ ಪ್ರತಿ ಅಭ್ಯರ್ಥಿಯೂ ಬಾಯಿಪಾಠ ಮಾಡಿರುತ್ತಾನೆ. ಇಂಗ್ಲಿಷ್ ಬಳಕೆಯ ಹೆಸರಾಂತ ಪಂಡಿತ ಫೌಲರ್ 1926ರಲ್ಲೇ ಈ ಭೇದಕ್ಕೆ ಬಳಕೆಯ ಆಧಾರವಿಲ್ಲ ಎಂದು ತಳ್ಳಿಹಾಕಿದ್ದ. 'ಹೀ ಈಸ್ ಟಾಲರ್ ದ್ಯಾನ್ ಮೀ' ತಪ್ಪು, 'ದ್ಯಾನ್ ಐ' ಆಗಬೇಕು ಎಂಬುದೂ ಅದೇ ಜಾತಿಯದು. 'ಎವ್ರಿವನ್ ಶುಡ್ ಬ್ರಿಂಗ್ ದೇರ್ ಬುಕ್' ಎಂಬಲ್ಲಿ 'ದೇರ್' ತಪ್ಪು, 'ಹಿಸ್' ಸರಿ ಎಂಬುದು ಇನ್ನೊಂದು. ಒಬ್ಬರನ್ನು ಕುರಿತು 'ದೇ' ಬಳಸುವುದು ಇಂಗ್ಲಿಷಿನಲ್ಲಿ 14ನೆಯ ಶತಮಾನದಿಂದ ಇದೆ. ಮೆರಿಯಂ-ವೆಬ್‌ಸ್ಟರ್ ನಿಘಂಟು 2019ರ ವರ್ಷದ ಪದವಾಗಿ ಅದನ್ನೇ ಆರಿಸಿತು; ಅಮೆರಿಕದ ಮನೋವಿಜ್ಞಾನ ಸಂಘ ಅದೇ ವರ್ಷ ತನ್ನ ಬರವಣಿಗೆಯ ಕೈಪಿಡಿಯಲ್ಲಿ ಅದನ್ನು ಒಪ್ಪಿತು. ಇತ್ತ ಹಳೆಯ ಕಟ್ಟಳೆಯನ್ನೇ ಹಿಡಿದ ಅಭ್ಯಾಸ ಪುಸ್ತಕಗಳಲ್ಲಿ ಎಲ್ಲರೂ ಇನ್ನೂ ಗಂಡಸರೇ.

ನಾಲ್ಕನೆಯದು ಪ್ರಶ್ನೆಯೇ ಕೆಟ್ಟಿರುವುದು. 'ಹೀ ಹ್ಯಾಸ್ ಗಾನ್ ಟು ದ ಸ್ಕೂಲ್' ಎಂಬಲ್ಲಿ 'ದ' ತೆಗೆಯಬೇಕು ಎಂದು ಉತ್ತರ. ಹೋದವನು ವಿದ್ಯಾರ್ಥಿಯಾದರೆ ಸರಿ. ಮಗಳ ಫೀಸು ಕಟ್ಟಲು ಹೋದ ತಂದೆಯಾದರೆ? ಆಗ 'ದ' ಇರಬೇಕು. ಹೋದವನು ಯಾರು ಎಂಬುದು ಒಂಟಿ ವಾಕ್ಯದಲ್ಲಿ ಇಲ್ಲ. 'ದ ಟ್ರೈನ್ ಲೆಫ್ಟ್ ಬಿಫೋರ್ ಐ ರೀಚ್ಡ್ ದ ಸ್ಟೇಷನ್' ಎಂಬುದಕ್ಕೆ 'ಹ್ಯಾಡ್ ಲೆಫ್ಟ್' ಆಗಲೇಬೇಕು ಎನ್ನುವುದು ಇಂಥದೇ ಇನ್ನೊಂದು. ಯಾವುದು ಮೊದಲು, ಯಾವುದು ನಂತರ ಎಂದು 'ಬಿಫೋರ್' ಪದವೇ ಹೇಳಿಬಿಟ್ಟಿದೆ. ಎರಡೂ ರೂಪಗಳು ನಡೆಯುತ್ತವೆ. ಪರೀಕ್ಷೆಯಲ್ಲಿ ಮಾತ್ರ ಒಂದೇ ನಡೆಯುತ್ತದೆ.

ಈ ನಾಲ್ಕರಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದ ಮೂರರಲ್ಲೂ ವಿಚಿತ್ರವಾದ ಒಂದು ಗುಣವಿದೆ. ಇಂಗ್ಲಿಷ್ ಪತ್ರಿಕೆ, ಕಾದಂಬರಿ ಓದಿ, ಸಿನಿಮಾ ನೋಡಿ ಭಾಷೆಯನ್ನು ಕಿವಿಯಿಂದ ಕಲಿತವನು ಇಲ್ಲಿ ಹೆಚ್ಚು ಎಡವುತ್ತಾನೆ. ಅವನ ಕಿವಿಗೆ ವಾಕ್ಯ ಸರಿಯಾಗಿಯೇ ಕೇಳುತ್ತದೆ, ಏಕೆಂದರೆ ಅದು ಸರಿಯಾಗಿಯೇ ಇದೆ. ಏನೂ ಓದದೆ ನೂರು ನಿಯಮಗಳ ಪಟ್ಟಿಯನ್ನು ಉರು ಹೊಡೆದವನು ದಾಟಿಕೊಳ್ಳುತ್ತಾನೆ. ಓದಿದವನನ್ನು ಸೋಲಿಸುವ ಭಾಷಾ ಪರೀಕ್ಷೆ ಯಾವುದನ್ನು ಅಳೆಯುತ್ತಿದೆ?

ಬಿಷಪ್ಪನಿಂದ ರೆನ್ ಮಾರ್ಟಿನ್‌ವರೆಗೆ

ಈ ಕಟ್ಟಳೆಗಳು ಆಕಾಶದಿಂದ ಇಳಿದವಲ್ಲ. ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ವ್ಯಾಕರಣಕಾರರು ಲ್ಯಾಟಿನ್ನಿನ ಅಚ್ಚನ್ನು ಎದುರಿಗೆ ಇಟ್ಟುಕೊಂಡು ಇಂಗ್ಲಿಷನ್ನು ತಿದ್ದಲು ಹೊರಟರು. ಅವರಲ್ಲಿ ಹೆಸರಾದವನು ರಾಬರ್ಟ್ ಲೌತ್. ಮುಂದೆ ಬಿಷಪ್ ಆದವನು. 1762ರಲ್ಲಿ ಬಂದ ಅವನ ಪುಟ್ಟ ವ್ಯಾಕರಣದ ಅಡಿಟಿಪ್ಪಣಿಗಳಲ್ಲಿ ತಪ್ಪಿಗೆ ಉದಾಹರಣೆಯಾಗಿ ಸಿಗುವವರು ಶೇಕ್ಸ್‌ಪಿಯರ್, ಮಿಲ್ಟನ್ನರೇ. ಭಾಷೆಯ ಅತ್ಯುತ್ತಮ ಬರಹಗಾರರು ಫೇಲಾಗುವಂಥ ನಿಯಮ ಎಂದರೆ ತೊಂದರೆ ಬರಹಗಾರರದ್ದೋ ನಿಯಮದ್ದೋ ಎಂದು ಕೇಳಬೇಕಿತ್ತು. ಕೇಳದೆ ಆ ನಿಯಮಗಳು ಶಾಲೆಗೆ ಹೋದವು, ಹಡಗು ಹತ್ತಿ ಇಂಡಿಯಾಕ್ಕೂ ಬಂದವು.

ಇಲ್ಲಿ ಅವುಗಳ ಮನೆದೇವರಾದದ್ದು 1930ರ ದಶಕದ ರೆನ್ ಮತ್ತು ಮಾರ್ಟಿನ್ ಪುಸ್ತಕ. ಪಿ. ಸಿ. ರೆನ್ ಇಂಡಿಯಾದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವ, ಸಾಹಸದ ಕಾದಂಬರಿಗಳಿಂದ ಹೆಸರಾದವ. ಆ ಕಾಲಕ್ಕೆ ಆ ಪುಸ್ತಕ ಅಚ್ಚುಕಟ್ಟಾದ ಕೆಲಸವೇ. ತೊಂದರೆ ಪುಸ್ತಕದ್ದಲ್ಲ, ಸುಮಾರು ತೊಂಬತ್ತು ವರ್ಷಗಳ ನಂತರವೂ ಅದನ್ನು ಮತ್ತು ಅದರ ಮರಿಗಳನ್ನು ಕಡೆಯ ಮಾತು ಎಂದು ತಿಳಿದವರದ್ದು. ಈ ನಡುವೆ ಇಂಗ್ಲಿಷ್ ಹೇಗಿರಬೇಕು ಎನ್ನುವ ಬದಲು ಹೇಗಿದೆ ಎಂದು ಪರೀಕ್ಷಿಸಿ ಬರೆದ ಎರಡು ಮಹಾ ವ್ಯಾಕರಣಗಳು ಬಂದಿವೆ: 1985ರಲ್ಲಿ ಕ್ವರ್ಕ್ ಮತ್ತು ಸಂಗಡಿಗರದ್ದು, 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಂ ಸಂಪಾದಿಸಿದ ಕೇಂಬ್ರಿಜ್ ವ್ಯಾಕರಣ. ಒಂದೊಂದೂ 1700 ಪುಟಗಳಿಗಿಂತ ದೊಡ್ಡದು. ಮೇಲೆ ಹೇಳಿದ ಮೂರನೆಯ ಬಗೆಯ ಪ್ರಶ್ನೆಗಳನ್ನು ನೋಡಿದರೆ, ಇವುಗಳ ಗಾಳಿಯೂ ಅವಕ್ಕೆ ಸೋಕಿದಂತಿಲ್ಲ.

ಕನ್ನಡದ ಓದುಗರಿಗೆ ಈ ಕಥೆ ಹೊಸದಾಗಿ ತೋರಬಾರದು. 'ಮರದಿಂದ ಹಣ್ಣು ಬಿತ್ತು' ಎಂದು ಊರೆಲ್ಲ ಹೇಳುತ್ತದೆ. ಶಾಲೆಯಲ್ಲಿ ಮಾತ್ರ 'ಇಂದ' ತೃತೀಯಾ ವಿಭಕ್ತಿ, ಪಂಚಮಿಗೆ 'ದೆಸೆಯಿಂದ' ಎಂದು ಕಲಿಸುತ್ತಾರೆ. ಮರದ ದೆಸೆಯಿಂದ ಹಣ್ಣು ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ಸಂಸ್ಕೃತದಲ್ಲಿ ಪಂಚಮಿ ಇದೆ, ಆದ್ದರಿಂದ ಕನ್ನಡದಲ್ಲೂ ಇರಲೇಬೇಕು ಎಂಬ ಹಟದಿಂದ ಉಳಿದುಬಂದ ಖಾನೆ ಅದು. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಹೆಸರಲ್ಲೇ ಕೇಳಿದ್ದು ಇದನ್ನೇ. ಲೌತನಿಗೆ ಲ್ಯಾಟಿನ್ ಏನಾಗಿತ್ತೋ ಕನ್ನಡದ ಶಾಲಾ ವ್ಯಾಕರಣಕ್ಕೆ ಸಂಸ್ಕೃತ ಅದೇ ಆಗಿತ್ತು. ಭಾಷೆಯನ್ನು ಕೇಳದೆ ಭಾಷೆಗೆ ನಿಯಮ ಬರೆಯುವ ಚಾಳಿ ಯಾವ ಒಂದು ದೇಶದ ಸೊತ್ತೂ ಅಲ್ಲ.

ನೆನಪಿನಿಂದ ಅಚ್ಚಾದ ಪ್ರಶ್ನೆ

ಪರೀಕ್ಷೆಯ ಪ್ರಶ್ನೆಯೇ ಹೀಗಿದ್ದರೆ ಅಭ್ಯಾಸದ ಪ್ರಶ್ನೆಯ ಪಾಡು ಇನ್ನೂ ಕಷ್ಟ. ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ತನ್ನ ಪ್ರಶ್ನೆಪತ್ರಿಕೆಯನ್ನೂ ಉತ್ತರ ಸೂಚಿಯನ್ನೂ ಪ್ರಕಟಿಸುವ ರೂಢಿ ಇಟ್ಟುಕೊಂಡಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಹಿಂದಿನ ವರ್ಷದ ಪತ್ರಿಕೆ ಎಂದು ಸಿಗುವುದು 'ಮೆಮೊರಿ ಬೇಸ್ಡ್' ಪತ್ರಿಕೆ. ಪರೀಕ್ಷೆ ಬರೆದು ಹೊರಬಂದವರು ನೆನಪು ಮಾಡಿಕೊಂಡು ಹೇಳಿದ್ದನ್ನು ಕೋಚಿಂಗ್ ಸಂಸ್ಥೆಗಳು, ಪ್ರಕಾಶಕರು ಸೇರಿಸಿ ಅಚ್ಚು ಹಾಕಿದ್ದು.

ಲೆಕ್ಕದ ಪ್ರಶ್ನೆಯನ್ನು ಹೀಗೆ ಮತ್ತೆ ಕಟ್ಟಬಹುದು. ರೈಲಿನ ಉದ್ದ ಇಷ್ಟು, ವೇಗ ಇಷ್ಟು ಎಂದು ನೆನಪಿದ್ದರೆ ಸಾಕು. ವ್ಯಾಕರಣದ ಪ್ರಶ್ನೆ ನಿಂತಿರುವುದು ಒಂದು 'ದ' ಮೇಲೆ, ಒಂದು ಅಲ್ಪವಿರಾಮದ ಮೇಲೆ, ಏಕವಚನ ಬಹುವಚನ ಮಾಡುವ ಒಂದು 'ಎಸ್' ಮೇಲೆ. ಮನುಷ್ಯರು ವಾಕ್ಯದ ಅರ್ಥವನ್ನು ನೆನಪಿಡುತ್ತಾರೆ, ಅದರ ಅಲ್ಪವಿರಾಮವನ್ನಲ್ಲ. ಹಾಗಾಗಿ ಮೂಲದಲ್ಲಿ ಇದ್ದ ತಪ್ಪು ನೆನಪಿನಲ್ಲಿ ತಾನಾಗಿಯೇ ತಿದ್ದಿಹೋಗುತ್ತದೆ, ಇಲ್ಲದ ತಪ್ಪು ಹೊಸದಾಗಿ ಸೇರಿಕೊಳ್ಳುತ್ತದೆ. ಆಮೇಲೆ ಆ ವಾಕ್ಯಕ್ಕೆ ಉತ್ತರ ಹೊಂದಿಸಬೇಕಲ್ಲ? ಅದಕ್ಕೊಂದು ನಿಯಮ ಹುಡುಕುತ್ತಾರೆ, ಸಿಗದಿದ್ದರೆ ಹುಟ್ಟಿಸುತ್ತಾರೆ. 'ರೂಲ್ ನಂಬರ್ 87' ಎಂದು ಅದು ಮುಂದಿನ ಆವೃತ್ತಿಗೆ ಸೇರುತ್ತದೆ. ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಅಲ್ಲಿಂದ ಮೊಬೈಲ್ ಆಪ್‌ಗೆ, ಟೆಲಿಗ್ರಾಮ್‌ನ ಪಿಡಿಎಫ್‌ಗೆ ಹೋಗುವಷ್ಟರಲ್ಲಿ ಅದು ಶಾಸ್ತ್ರವಾಗಿರುತ್ತದೆ.

ಎಸ್‌ಎಸ್‌ಸಿ ಉತ್ತರ ಸೂಚಿಯನ್ನು ಬಿಡುಗಡೆ ಮಾಡುತ್ತದೆ, ಆಕ್ಷೇಪಣೆಗೂ ಅವಕಾಶ ಕೊಡುತ್ತದೆ. ಆದರೆ ಆಕ್ಷೇಪಿಸಲು ಒಂದೊಂದು ಪ್ರಶ್ನೆಗೂ ಶುಲ್ಕ ಕಟ್ಟಬೇಕು. ಸೂಚಿಯಲ್ಲಿ ಇರುವುದು ಆಯ್ಕೆಯ ಸಂಖ್ಯೆ ಮಾತ್ರ. ಏಕೆ ಅದೇ ಸರಿ, ಯಾವ ವ್ಯಾಕರಣದ ಪ್ರಕಾರ ಸರಿ ಎಂಬ ಒಂದು ಸಾಲೂ ಇರುವುದಿಲ್ಲ. ಕಾರಣ ಹೇಳದ ತೀರ್ಪಿನ ಮೇಲೆ ಮೇಲ್ಮನವಿ ಹೇಗೆ ಬರೆಯುವುದು?

ಪ್ರಶ್ನಿಸುವ ದಾರಿ ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಇದೆ. 2002ರ ಅಕ್ಟೋಬರ್‌ನಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳು ಬರೆದ ಪಿಎಸ್‌ಎಟಿ ಪರೀಕ್ಷೆಯಲ್ಲಿ ಕಾದಂಬರಿಗಾರ್ತಿ ಟೋನಿ ಮಾರಿಸನ್ ಬಗ್ಗೆ ಒಂದು ವಾಕ್ಯ ಕೊಟ್ಟು ತಪ್ಪು ಹುಡುಕಲು ಹೇಳಿದ್ದರು. ಲೇಖಕಿಯ ಹೆಸರು ಷಷ್ಠೀ ರೂಪದಲ್ಲಿ ಬಂದು, ಅವರ ಪ್ರತಿಭೆ 'ಅವರನ್ನು' ಬರೆಯಲು ಶಕ್ತರನ್ನಾಗಿಸುತ್ತದೆ ಎಂಬ ಧಾಟಿಯ ವಾಕ್ಯ ಅದು. 'ತಪ್ಪಿಲ್ಲ' ಎಂಬುದು ಅಧಿಕೃತ ಉತ್ತರ. ಮೇರಿಲ್ಯಾಂಡಿನ ಒಬ್ಬ ಶಿಕ್ಷಕರು ತಕರಾರು ತೆಗೆದರು: ಷಷ್ಠಿಯಲ್ಲಿರುವ ಹೆಸರಿಗೆ ಬದಲಾಗಿ 'ಹರ್' ಎಂಬ ಸರ್ವನಾಮ ಬರಬಾರದು ಎಂದು ಕೈಪಿಡಿಗಳಲ್ಲಿ ಇದೆಯಲ್ಲ? ಪತ್ರ ವ್ಯವಹಾರ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ 2003ರಲ್ಲಿ ಪರೀಕ್ಷಾ ಮಂಡಳಿ ಆ ಪ್ರಶ್ನೆಯನ್ನೇ ಕೈಬಿಟ್ಟು ಅಂಕಗಳನ್ನು ಮತ್ತೆ ಎಣಿಸಿತು. ಲಕ್ಷಾಂತರ ಮಕ್ಕಳ ಅಂಕ ಬದಲಾಯಿತು.

ಆಗ ಭಾಷಾವಿಜ್ಞಾನಿಗಳು ಇನ್ನೊಂದು ಮಾತು ಹೇಳಿದರು: ಶಿಕ್ಷಕರು ಹಿಡಿದ ನಿಯಮವೇ ಪೊಳ್ಳು, ಒಳ್ಳೆಯ ಲೇಖಕರೆಲ್ಲ ಅಂಥ ವಾಕ್ಯ ಬರೆಯುತ್ತಾರೆ. ಅಂದರೆ ಬಳಕೆಯ ಪ್ರಕಾರ ಮಂಡಳಿ ಸರಿ, ಪುಸ್ತಕದ ಪ್ರಕಾರ ಶಿಕ್ಷಕರು ಸರಿ. ಇಬ್ಬರೂ ಸರಿಯಿರಬಹುದಾದ ಪ್ರಶ್ನೆಯನ್ನು ಹದಿನಾರರ ಮಕ್ಕಳ ಮುಂದೆ ಇಟ್ಟದ್ದೇ ತಪ್ಪು. ಮಂಡಳಿ ತಡವಾಗಿಯಾದರೂ ಅದನ್ನು ಒಪ್ಪಿಕೊಂಡಿತು. ತಾರ್ನಾಕದ ಅಭ್ಯರ್ಥಿಗೆ ಅಷ್ಟು ಕಾಗದ ಬರೆದು ಜಗ್ಗಾಡಲು ಪ್ರಶ್ನೆಪತ್ರಿಕೆಯೇ ಕೈಯಲ್ಲಿ ಇರುವುದಿಲ್ಲ.

ಬೆಲೆ ಕಟ್ಟುವವರು ಯಾರು

ಇಷ್ಟಾದರೂ ಇದು ಕೆಲವು ಅಂಕಗಳ ಮಾತು ಎನ್ನುವವರು ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆಯನ್ನು ನೋಡಬೇಕು. ಮಲ್ಟಿ ಟಾಸ್ಕಿಂಗ್ ಸ್ಟಾಫ್ ಎಂದರೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತ ಹೊರುವವರು, ಕೋಣೆ ತೆರೆದು ಮುಚ್ಚುವವರು, ಜೆರಾಕ್ಸ್ ಮಾಡುವವರು, ಸ್ವಚ್ಛತೆ ನೋಡಿಕೊಳ್ಳುವವರು. ವಿದ್ಯಾರ್ಹತೆ ಹತ್ತನೆಯ ತರಗತಿ. 2023ರ ಜನವರಿಯಲ್ಲಿ ಈ ಪರೀಕ್ಷೆಯನ್ನು ಇಂಗ್ಲಿಷ್, ಹಿಂದಿಯ ಜೊತೆಗೆ ಕನ್ನಡ, ತೆಲುಗು ಸೇರಿ 13 ಭಾಷೆಗಳಲ್ಲಿ ಬರೆಯಬಹುದು ಎಂದು ಪ್ರಕಟಿಸಿದಾಗ ಒಳ್ಳೆಯ ಹೆಜ್ಜೆ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆ ತಕ್ಕದ್ದೇ. ಆದರೆ ಪರೀಕ್ಷೆಯ ಒಳಗೆ ಏನಿದೆ? ಲೆಕ್ಕ ಮತ್ತು ತರ್ಕದ ಮೊದಲ ಅವಧಿ ಬರೀ ಅರ್ಹತೆಗೆ. ಆಯ್ಕೆ ಪಟ್ಟಿ ನಿಂತಿರುವುದು ಎರಡನೆಯ ಅವಧಿಯ 150 ಅಂಕಗಳ ಮೇಲೆ. ಅದರಲ್ಲಿ 75 ಸಾಮಾನ್ಯ ಜ್ಞಾನಕ್ಕೆ, ಉಳಿದ 75 ಇಂಗ್ಲಿಷ್ ಭಾಷೆಗೆ. ಅಲ್ಲಿ ಒಂದು ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಕಡತ ಹೊರುವ ಕೆಲಸಕ್ಕೆ ಆಯ್ಕೆಯ ಅರ್ಧ ಭಾರ ಇಂಗ್ಲಿಷಿನ ಮೇಲೆ.

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ 2024ರ ಆರಂಭದಿಂದ 13 ಪ್ರಾದೇಶಿಕ ಭಾಷೆಗಳಲ್ಲಿ ಬಂದಿದೆ. 160 ಅಂಕಗಳಲ್ಲಿ 40 ಅಂಕದ ಭಾಷಾ ಭಾಗಕ್ಕೆ ಮಾತ್ರ ಆಯ್ಕೆ ಎರಡೇ: ಇಂಗ್ಲಿಷ್ ಅಥವಾ ಹಿಂದಿ. ಹಿಂದಿ ಮನೆಮಾತಿನವರು ತಮ್ಮ ತಾಯ್ನುಡಿಯಲ್ಲೇ ಭಾಷಾ ಪರೀಕ್ಷೆ ಬರೆಯುತ್ತಾರೆ. ಔರಾದ್‌ನ ಕನ್ನಡದವರು, ನಲ್ಗೊಂಡದ ತೆಲುಗಿನವರು ಇನ್ನೊಬ್ಬರ ಎರಡು ಭಾಷೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕ್ಲರ್ಕ್ ಹುದ್ದೆಗಳ ಬ್ಯಾಂಕ್ ಪರೀಕ್ಷೆ ಪ್ರಾದೇಶಿಕ ಭಾಷೆಗಳಲ್ಲಿ ಬರಲಿ ಎಂದು ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿದ ಮೇಲೂ ಪೂರ್ವಭಾವಿ ಪರೀಕ್ಷೆಯ 100ರಲ್ಲಿ 30 ಅಂಕ ಇಂಗ್ಲಿಷಿನದೇ. ಮನೆಗೆ ಬಾಗಿಲು ಹಚ್ಚಿ ಕನ್ನಡದಲ್ಲಿ ಸ್ವಾಗತ ಬರೆದು, ಬೀಗ ಮಾತ್ರ ಹಳೆಯದೇ ಉಳಿಸಿದಂತೆ.

ಇಲ್ಲಿ ಮೇಲಿನ ನಾಲ್ಕು ಬಗೆಯ ತಪ್ಪುಗಳ ಲೆಕ್ಕ ಮತ್ತೆ ಬರುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗೂ ಮೂರನೆಯ ನಾಲ್ಕನೆಯ ಬಗೆಯ ಪ್ರಶ್ನೆ ಗೊಂದಲವೇ. ಆದರೆ ಮೊದಲನೆಯ ಬಗೆಯದ್ದು ಅವರಿಗೆ ಸಲೀಸು, ಉಳಿದದ್ದರಲ್ಲಿ ಒಂದೆರಡು ಹೋದರೂ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಕಷ್ಟಪಟ್ಟು ನಿಜವಾದ ವ್ಯಾಕರಣ ಕಲಿತು ಮೊದಲನೆಯದನ್ನು ದಾಟಿದ ಮೇಲೆ ಸುಳ್ಳು ವ್ಯಾಕರಣದ ಗುಂಡಿಗೆ ಬೀಳುತ್ತಾರೆ. ಯಾವುದು ನಿಜ, ಯಾವುದು ಸುಳ್ಳು ಎಂದು ಬೇರ್ಪಡಿಸಿ ತೋರಿಸುವವರು ಇಲ್ಲದೆ, ಕಲಿತದ್ದರ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. ಕಾಲು ಅಂಕದಲ್ಲಿ, ಅರ್ಧ ಅಂಕದಲ್ಲಿ ಸಾವಿರಾರು ಜನ ಹಿಂದೆ ಮುಂದೆ ಆಗುವ ಪರೀಕ್ಷೆಗಳಲ್ಲಿ ಇಂಥ ಎರಡು ಪ್ರಶ್ನೆ ಸಾಕು, ಒಂದು ವರ್ಷದ ಓದು, ಹಾಸ್ಟೆಲ್ ಬಾಡಿಗೆ, ಮನೆಯವರ ಸಾಲ ಎಲ್ಲ ನೀರಿಗೆ ಹೋಗಲು.

ತಾರ್ನಾಕಕ್ಕೆ ಇದರ ಚರಿತ್ರೆಯೂ ಗೊತ್ತು. ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾದಾಗ ಬೋಧನಾ ಭಾಷೆ ಉರ್ದು. ವಿಜ್ಞಾನ, ಕಾನೂನು, ವೈದ್ಯಕೀಯವನ್ನು ಭಾರತದ ಭಾಷೆಯೊಂದರಲ್ಲಿ ಕಲಿಸಬಹುದು ಎಂದು, ಅನುವಾದಕ್ಕೇ ಒಂದು ಸಂಸ್ಥೆ ಕಟ್ಟಿ, ಅದು ತೋರಿಸಿತು. ಆದರೆ ನಿಜಾಮನ ಪ್ರಜೆಗಳಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. 1948ರ ನಂತರ ಉರ್ದು ಹೋಗಿ ಇಂಗ್ಲಿಷ್ ಬಂತು. ಅಧಿಕಾರದ ಭಾಷೆ ಬದಲಾಯಿತು. ಮನೆಮಾತಿನವರು ಹೊರಗೇ ನಿಂತಿದ್ದರು.

ಗೊತ್ತಿದ್ದವರು ಪಕ್ಕದಲ್ಲೇ ಇದ್ದಾರೆ

ಈ ಪ್ರಶ್ನೆಗಳು ಕೆಟ್ಟವು ಎಂದು ತಿಳಿದವರು ಅಮೆರಿಕದಿಂದ ಬರಬೇಕಾಗಿಲ್ಲ. ತಾರ್ನಾಕದಲ್ಲೇ, ಉಸ್ಮಾನಿಯಾಕ್ಕೆ ಒತ್ತಿಕೊಂಡು, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ. 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂದು ಹುಟ್ಟಿದ ಈ ಸಂಸ್ಥೆಯ ಕೆಲಸವೇ ಭಾರತದಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಹೇಗೆ ಎಂದು ಕಂಡುಕೊಳ್ಳುವುದು. ಕನ್ನಡದ ಕವಿ ವಿ. ಕೃ. ಗೋಕಾಕರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗುವ ಮೊದಲು ಇದರ ನಿರ್ದೇಶಕರಾಗಿದ್ದರು. ಅದೇ ಗೋಕಾಕರು 1981ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡುವ ವರದಿ ಬರೆದರು. ಇಂಗ್ಲಿಷ್ ಚೆನ್ನಾಗಿ ಕಲಿಸಬೇಕು ಎನ್ನುವುದಕ್ಕೂ ಮನೆಮಾತಿಗೆ ಜಾಗ ಬೇಕು ಎನ್ನುವುದಕ್ಕೂ ಜಗಳವಿಲ್ಲ ಎಂಬುದಕ್ಕೆ ಆ ಒಬ್ಬ ಮನುಷ್ಯನ ಬಾಳೇ ಸಾಕ್ಷಿ.

ಕರ್ನಾಟಕದಲ್ಲಂತೂ ಇದರ ಪ್ರಯೋಗವೇ ನಡೆದಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ನಡೆಸಿದ ಕೆಲಸ ಜಗತ್ತಿನಾದ್ಯಂತ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ವ್ಯಾಕರಣದ ನಿಯಮ ಹೇಳಿಕೊಡುವ ಬದಲು ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಿಡಿಸಬೇಕಾದ ಕೆಲಸಗಳನ್ನು ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ದಾರಿ ಹುಡುಕುವುದು, ನಕ್ಷೆ ಓದುವುದು, ಅಂಥವು. ಭಾಷೆ ಅರ್ಥದ ಹಿಂದೆ ತಾನೇ ಬರುತ್ತದೆ ಎಂಬುದು ಅವರ ವಾದ. ಆಮೇಲೆ ಹೊರಗಿನವರು ಮಾಡಿದ ಮೌಲ್ಯಮಾಪನದ ಫಲಿತಾಂಶ ಪೂರ್ತಿ ಒಂದೇ ಕಡೆಗಿರಲಿಲ್ಲ, ಆದರೆ ಅದು ಹೇಳಿದ್ದು ಸ್ವಾರಸ್ಯಕರ. ವ್ಯಾಕರಣ ರೂಢಿ ಮಾಡಿದ ಮಕ್ಕಳು ವ್ಯಾಕರಣದ ಒಂಟಿ ಪ್ರಶ್ನೆಗಳಲ್ಲಿ ಮುಂದಿದ್ದರು. ಕೇಳಿ, ಓದಿ ಅರ್ಥಮಾಡಿಕೊಳ್ಳುವ, ಸಂದರ್ಭದಲ್ಲಿಟ್ಟು ವ್ಯಾಕರಣ ಬಳಸುವ ಪರೀಕ್ಷೆಗಳಲ್ಲಿ ಪ್ರಭು ಅವರ ಮಕ್ಕಳ ಕೈ ಒಟ್ಟಾರೆ ಮೇಲಾಗಿತ್ತು. ಅಂದರೆ ಯಾವುದನ್ನು ಕೇಳುತ್ತೀರೋ ಅದನ್ನೇ ಮಕ್ಕಳು ಕಲಿಯುತ್ತಾರೆ. ಒಂಟಿ ವಾಕ್ಯದ ತಪ್ಪು ಕೇಳಿದರೆ ಅದಷ್ಟನ್ನೇ ಕಲಿಯುತ್ತಾರೆ.

ತಾರ್ನಾಕದ ಹಾಸ್ಟೆಲ್ಲಿನಲ್ಲೇ ಅಮೆರಿಕಕ್ಕೆ ಹೋಗಲು ಓದುವವರೂ ಇರುತ್ತಾರೆ. ಅವರು ಬರೆಯುವ ಟೋಫೆಲ್ ಪರೀಕ್ಷೆ ಬಿಡಿ ವ್ಯಾಕರಣದ ಭಾಗವನ್ನು 2005ರಲ್ಲೇ ಕೈಬಿಟ್ಟಿತು. ಎಂಬಿಎಗೆ ಬರೆಯುವ ಜಿಮ್ಯಾಟ್ 2023ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳನ್ನು ತೆಗೆದುಹಾಕಿತು. ಅಮೆರಿಕದ ವಿಶ್ವವಿದ್ಯಾಲಯಕ್ಕೆ, ಅದೂ ಇಂಗ್ಲಿಷಿನಲ್ಲೇ ಪಾಠ ಕೇಳಲು ಹೋಗುವವರಿಗೆ ಬೇಡವಾದ ಪ್ರಶ್ನೆ ಹುಮ್ನಾಬಾದಿನ ಬ್ಯಾಂಕ್ ಶಾಖೆಯಲ್ಲಿ ಕೂತು ಕನ್ನಡದಲ್ಲಿ ಗಿರಾಕಿಗಳ ಜೊತೆ ಮಾತಾಡುವವರಿಗೆ ಬೇಕಾಗಿದೆ.

ಅತ್ತ ಬರೆಯುವ ಶಕ್ತಿಯನ್ನು ನಿಜವಾಗಿ ನೋಡುವ ಪತ್ರಿಕೆಗೆ ಏನಾಯಿತು? ಎಸ್‌ಎಸ್‌ಸಿಯ ಪದವೀಧರರ ಪರೀಕ್ಷೆಯಲ್ಲಿ 2016ರಿಂದ ಪ್ರಬಂಧ, ಪತ್ರ ಬರೆಸುವ ಪತ್ರಿಕೆ ಇತ್ತು. 2022ರ ಹೊಸ ಪದ್ಧತಿಯಲ್ಲಿ ಅದನ್ನು ಕೈಬಿಟ್ಟು ವಸ್ತುನಿಷ್ಠ ಇಂಗ್ಲಿಷಿಗೆ 135 ಅಂಕ ಕೊಟ್ಟರು.

ಎರಡು ಆಕ್ಷೇಪ, ಐದು ಬೇಡಿಕೆ

ಪರೀಕ್ಷೆ ನಡೆಸುವವರ ಕಷ್ಟವೂ ಸಣ್ಣದಲ್ಲ. ಲಕ್ಷಾಂತರ ಜನ ಬರೆಯುವ ಪರೀಕ್ಷೆಯಲ್ಲಿ ಪ್ರಬಂಧ ತಿದ್ದುವುದು ಆಗದ ಕೆಲಸ, ವಸ್ತುನಿಷ್ಠ ಪ್ರಶ್ನೆಯೇ ನ್ಯಾಯವಾದದ್ದು, ಯಂತ್ರಕ್ಕೆ ಪಕ್ಷಪಾತ ಇಲ್ಲ ಎನ್ನುತ್ತಾರೆ. ಅರ್ಧ ಮಾತ್ರ ನಿಜ. ಉತ್ತರ ಎಣಿಸುವುದು ಯಂತ್ರ. ಯಾವುದು ಉತ್ತರ ಎಂದು ತೀರ್ಮಾನಿಸಿದ್ದು ಮನುಷ್ಯ. ಅವನ ತೀರ್ಮಾನ ಮುಚ್ಚಿಟ್ಟಿರುವವರೆಗೆ ಆ ಪರೀಕ್ಷೆಯನ್ನು ವಸ್ತುನಿಷ್ಠ ಎನ್ನಲಾಗದು. ಓದಿ ಅರ್ಥಮಾಡಿಕೊಳ್ಳುವ ಪ್ಯಾರಾಗಳನ್ನೂ, ಸಂದರ್ಭದೊಳಗೆ ಖಾಲಿ ಬಿಟ್ಟ ಜಾಗ ತುಂಬುವುದನ್ನೂ ಯಂತ್ರವೇ ತಿದ್ದಬಹುದು. ಈಗಲೂ ಅಂಥ ಪ್ರಶ್ನೆಗಳು ಪತ್ರಿಕೆಯಲ್ಲಿ ಇವೆ. ಅವನ್ನು ಹೆಚ್ಚಿಸಲು ಯಾರ ಅಡ್ಡಿ?

ಇಂಗ್ಲಿಷ್ ಬೇಡ ಎನ್ನುವುದಾದರೆ ಈ ಮಕ್ಕಳು ಹಿಂದುಳಿಯುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇಂಗ್ಲಿಷ್ ಬೇಡ ಎಂಬುದು ಇಲ್ಲಿನ ವಾದವೇ ಅಲ್ಲ. ಅಧಿಕಾರಿಯಾಗುವವರಿಗೆ ಸುತ್ತೋಲೆ ಓದಿ ತಿಳಿಯುವ, ಪತ್ರ ಬರೆಯುವ ಇಂಗ್ಲಿಷ್ ಬೇಕು, ಅದನ್ನೇ ಪರೀಕ್ಷಿಸಲಿ. 'ಈಚ್ ಅದರ್' ಮತ್ತು 'ಒನ್ ಅನದರ್' ಉರು ಹೊಡೆದದ್ದರಿಂದ ಯಾರ ಪತ್ರವೂ ಸುಧಾರಿಸಿಲ್ಲ.

ಆಗಬೇಕಾದದ್ದು ಕಷ್ಟದ್ದೇನಲ್ಲ. ಒಂದು, ಪ್ರತಿ ಭಾಷಾ ಪ್ರಶ್ನೆಯೂ ಪರೀಕ್ಷೆಗೆ ಹೋಗುವ ಮೊದಲು ಭಾಷಾವಿಜ್ಞಾನ ಬಲ್ಲ ಮೂವರ ಕಣ್ಣು ದಾಟಲಿ. ಪ್ರಮಾಣ ವ್ಯಾಕರಣಗಳು ಎರಡೂ ರೂಪ ಒಪ್ಪಿದ್ದರೆ ಆ ಪ್ರಶ್ನೆ ಕಸದ ಬುಟ್ಟಿಗೆ ಹೋಗಲಿ. ತಾರ್ನಾಕದ ವಿಶ್ವವಿದ್ಯಾಲಯ ಇದೆ, ಉಸ್ಮಾನಿಯಾದ ಭಾಷಾವಿಜ್ಞಾನ ವಿಭಾಗ ಇದೆ, 1969ರಿಂದ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ. ಕೇಳಿದರೆ ಜನರಿಗೆ ಕೊರತೆಯಿಲ್ಲ. ಎರಡು, ಉತ್ತರ ಸೂಚಿಯಲ್ಲಿ ಸಂಖ್ಯೆಯ ಜೊತೆಗೆ ಕಾರಣವೂ ಆಧಾರವೂ ಇರಲಿ. ಆಕ್ಷೇಪ ಸರಿಯೆಂದು ಕಂಡರೆ ಕಟ್ಟಿದ ಹಣ ಮರಳಿ ಬರಲಿ. ಮೂರು, ಪರೀಕ್ಷೆ ಮುಗಿದ ಮೇಲೆ ಬ್ಯಾಂಕ್ ಪತ್ರಿಕೆಗಳೂ ಪ್ರಕಟವಾಗಲಿ. ನೆನಪಿನ ಪತ್ರಿಕೆಗಳ ವ್ಯಾಪಾರ ತಾನಾಗಿಯೇ ನಿಲ್ಲುತ್ತದೆ. ನಾಲ್ಕು, ಒಂಟಿ ವಾಕ್ಯಗಳ ಜಾಗಕ್ಕೆ ಸಂದರ್ಭವಿರುವ ಬರಹ ಬರಲಿ. ಐದು, ಎಂಟಿಎಸ್, ಕಾನ್‌ಸ್ಟೇಬಲ್‌ನಂಥ ಹುದ್ದೆಗಳಲ್ಲಿ ಭಾಷಾ ಭಾಗವನ್ನು ಅಭ್ಯರ್ಥಿ ಪರೀಕ್ಷೆ ಬರೆಯುವ ಭಾಷೆಯಲ್ಲೇ ಕೊಡಲಿ. ಕನ್ನಡದ ಆ ಪತ್ರಿಕೆ ಬಂದ ದಿನ ಅದರಲ್ಲಿ 'ದೆಸೆಯಿಂದ' ಯಾವ ವಿಭಕ್ತಿ ಎಂಬ ಪ್ರಶ್ನೆ ಇರದಂತೆ ನೋಡಿಕೊಳ್ಳುವ ಹೊಣೆ ಕನ್ನಡಿಗರದ್ದು.

ಇಪ್ಪತ್ತೆರಡರ ಹುಡುಗಿಯೊಬ್ಬಳ ಬಾಳಿನ ಒಂದು ವರ್ಷವನ್ನು 'ವಾಸ್', 'ವರ್' ನಡುವೆ ತೂಗುವ ಅಧಿಕಾರ ಇರುವ ಸಂಸ್ಥೆ, ಅವಳು ಗುರುತಿಸಿದ್ದು ಏಕೆ ತಪ್ಪು ಎಂದು ಎರಡು ಸಾಲಿನಲ್ಲಿ ಹೇಳಲೇಬೇಕು. ಹೇಳಲಾಗದಿದ್ದರೆ ಆ ಪ್ರಶ್ನೆಯನ್ನು ಕೇಳಕೂಡದು.